ಜಕಾತ್‌ನಲ್ಲಿ ಸಾಲದಲ್ಲಿ ಮುಳುಗಿದವರಿಗೂ ಒಂದು ಪಾಲಿದೆ: ಚಂದ್ರಾ ಲೇಔಟ್‌ನಿಂದ ಬಂದ ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಒಂದು ವಾಯ್ಸ್ ನೋಟ್‌ನಿಂದ ಬಂದಿದ್ದು. ಕಳಿಸಿದವರು ಚಂದ್ರಾ ಲೇಔಟ್ 80 ಅಡಿ ರಸ್ತೆ ಕಡೆಯ ಒಬ್ಬ ಕೇಳುಗರು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ಅವರು ಕೇಳಿದ್ದು ಇಷ್ಟು: "ಬ್ರೋ, ನನ್ ತಮ್ಮ ಆಟೊ ಓಡಿಸ್ತಾನೆ. ಮೀಟರ್ ಬಡ್ಡಿಗೆ 40 ಸಾವಿರ ತಗೊಂಡಿದ್ದಾನೆ, ಮೇಲೆ ಎರಡು ಆ್ಯಪ್ ಸಾಲ. ನಾನು ಪ್ರತಿ ರಂಜಾನ್‌ನಲ್ಲಿ ಜಕಾತ್ ತೆಗೀತೀನಿ, 500, 500 ಅಂತ ಬಾಗಿಲಿಗೆ ಬಂದವರಿಗೆಲ್ಲ ಕೊಡ್ತೀನಿ. ಅದೇ ದುಡ್ಡು ತಮ್ಮನ ಸಾಲಕ್ಕೆ ಕಟ್ಟಬಹುದಾ? ಅವನಿಗೆ ಹೇಳಿದ್ರೆ ಜಕಾತ್ ತಗೊಳ್ಳೋಷ್ಟು ಫಕೀರ ಆಗಿಲ್ಲ ನಾನು ಅಂತಾನೆ."

ಉತ್ತರ ಮೊದಲೇ ಹೇಳಿಬಿಡ್ತೀನಿ. ಕಟ್ಟಬಹುದು. ತಮ್ಮನಿಗೆ ಇದು ಜಕಾತ್ ಅಂತ ಹೇಳಲೇಬೇಕು ಅಂತಲೂ ಇಲ್ಲ. ಆದರೆ ಯಾಕೆ, ಹೇಗೆ, ಎಲ್ಲಿ ಎಚ್ಚರ ಬೇಕು ಅನ್ನೋದರಲ್ಲಿ ತುಂಬಾ ವಿಷಯ ಇದೆ. ನಾನು ಮೌಲಾನಾ ಅಲ್ಲ, ಬಿಕಾಂ ಓದಿದವನು. ಅದಕ್ಕೇ ಧರ್ಮದ ಭಾಗವನ್ನ ಉಲೇಮಾಗಳು ಒಪ್ಪಿರೋ ಮಟ್ಟಿಗೆ ಹೇಳ್ತೀನಿ, ಲೆಕ್ಕದ ಭಾಗದಲ್ಲಿ ಸ್ವಲ್ಪ ಜಾಸ್ತಿ ಬಾಯಿ ಬಿಡ್ತೀನಿ.

ಜಕಾತ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಇಸ್ಲಾಮಿನ ಐದು ಕಡ್ಡಾಯ ಕರ್ತವ್ಯಗಳಲ್ಲಿ ಇದೂ ಒಂದು. ನಮ್ಮ ಹತ್ತಿರ ಒಂದು ಮಿತಿಗಿಂತ ಹೆಚ್ಚು ಆಸ್ತಿ ಇದ್ದು, ಅದರ ಮೇಲೆ ಚಾಂದ್ರಮಾನದ ಒಂದು ವರ್ಷ ಕಳೆದರೆ, ಅದರಲ್ಲಿ ಶೇ. 2.5 ಕೊಡಬೇಕು. ಆ ಮಿತಿಗೆ ನಿಸಾಬ್ ಅಂತಾರೆ. ಭಾರತದಲ್ಲಿ ಸಾಮಾನ್ಯವಾಗಿ ಹೇಳೋ ಲೆಕ್ಕ 87.48 ಗ್ರಾಂ ಚಿನ್ನ, ಅಥವಾ 612.36 ಗ್ರಾಂ ಬೆಳ್ಳಿ. ಇರೋ ಮನೆ, ಓಡಿಸೋ ಗಾಡಿ, ಉಡೋ ಬಟ್ಟೆ ಇದಕ್ಕೆ ಸೇರಲ್ಲ. ಚಿನ್ನ, ಬೆಳ್ಳಿ, ನಗದು, ಬ್ಯಾಂಕಲ್ಲಿರೋ ದುಡ್ಡು, ಅಂಗಡಿಯ ಸರಕು ಸೇರುತ್ತೆ. ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಕೊಂಡರೆ ಮಿತಿ 61,236 ರೂಪಾಯಿ ಆಗುತ್ತೆ. ಕೊಡೋ ದಿನದ ರೇಟು ನೀವೇ ಹಾಕ್ಕೊಳ್ಳಿ, ಬೆಳ್ಳಿ ಒಂದು ಕಡೆ ನಿಲ್ಲೋ ಲೋಹ ಅಲ್ಲ.

ಅಂದಹಾಗೆ ಈ ಪದ ಕನ್ನಡಕ್ಕೆ ಹೊಸದೇನಲ್ಲ. ಪೇಟೆಗೆ ಬರೋ ಸರಕಿನ ಮೇಲೆ ಹಾಕುತ್ತಿದ್ದ ಸುಂಕಕ್ಕೆ ಜಕಾತಿ ಅಂತಿದ್ದರು. ಉತ್ತರ ಕರ್ನಾಟಕದ ಹಿರಿಯರನ್ನ ಕೇಳಿ, ಜಕಾತಿ ಕಟ್ಟೆ ಗೊತ್ತಿರುತ್ತೆ. ಮೂಲ ಒಂದೇ ಪದ. ದಾನದ ಲೆಕ್ಕದ್ದು ಸುಂಕದ ಲೆಕ್ಕಕ್ಕೆ ಹೋಗಿ ನಮ್ಮ ನಾಲಿಗೆ ಮೇಲೆ ಉಳೀತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಜಕಾತ್ ಯಾರಿಗೆ ಕೊಡಬೇಕು ಅನ್ನೋದು ಕೊಡೋರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಕುರಾನಿನ ಸೂರಾ ತೌಬಾದ 60ನೇ ಆಯತ್‌ನಲ್ಲಿ ಎಂಟು ವರ್ಗದವರ ಪಟ್ಟಿ ಇದೆ. ಬಡವರು, ನಿರ್ಗತಿಕರು ಮೊದಲು ಬರ್ತಾರೆ. ಆಮೇಲೆ ಜಕಾತ್ ವಸೂಲಿ ಮಾಡೋ ಕೆಲಸದವರು, ಮನಸ್ಸು ಒಲಿಸಿಕೊಳ್ಳಬೇಕಾದವರು, ಗುಲಾಮಗಿರಿಯಿಂದ ಬಿಡಿಸಬೇಕಾದವರು. ಆರನೆಯವರು ಗಾರಿಮೀನ್, ಅಂದರೆ ಸಾಲದಲ್ಲಿ ಸಿಕ್ಕಿಬಿದ್ದವರು. ಕೊನೆಗೆ ದೇವರ ಮಾರ್ಗದಲ್ಲಿರೋರು, ದಾರಿಯಲ್ಲಿ ಕೈ ಖಾಲಿಯಾದ ಪ್ರಯಾಣಿಕರು. ಸಾಲದವರನ್ನ ಬಡವರ ಜೊತೆ ಸೇರಿಸಿ ಮುಗಿಸಿಲ್ಲ, ಅವರಿಗೇ ಬೇರೆ ಒಂದು ಸಾಲು ಕೊಟ್ಟಿದೆ, ಗಮನಿಸಿ. ಗಳಿಕೆ ಇದ್ದೂ ಸಾಲದಿಂದ ಬಡವನಾದವನು ಬೇರೆ ಥರದ ಕಷ್ಟದಲ್ಲಿದ್ದಾನೆ ಅನ್ನೋ ತಿಳುವಳಿಕೆ ಅದರಲ್ಲಿ ನನಗೆ ಕಾಣುತ್ತೆ.

ಒಂದು ಚಿಕ್ಕ ಪಕ್ಕದ ಮಾತು. ಕನ್ನಡದಲ್ಲಿ ಸಾಲಗಾರ ಅಂದರೆ ಸಾಲ ತಗೊಂಡವನೂ ಹೌದು, "ಸಾಲಗಾರರ ಕಾಟ" ಅಂದಾಗ ಕೊಟ್ಟವನೂ ಹೌದು. ಅರಬಿಯಲ್ಲಿ ಗರೀಮ್ ಅನ್ನೋ ಪದಕ್ಕೂ ಹಾಗೇ ಎರಡೂ ಅರ್ಥ ಇದೆ. ಎರಡೂ ಭಾಷೆಯವರಿಗೆ ಸಾಲ ಅಂದರೆ ಇಬ್ಬರನ್ನೂ ಕಟ್ಟಿಹಾಕೋ ಹಗ್ಗ ಅಂತ ಅನಿಸಿರಬೇಕು.

ಸಾಲದ ವಿಷಯದಲ್ಲಿ ಇಸ್ಲಾಂ ಎಷ್ಟು ಗಂಭೀರ ಅನ್ನೋದಕ್ಕೆ ಹದೀಸ್‌ಗಳಲ್ಲಿ ಒಂದು ಪ್ರಸಂಗ ಬರುತ್ತೆ. ಯಾರಾದರೂ ತೀರಿಕೊಂಡಾಗ, ಇವರ ಮೇಲೆ ಸಾಲ ಇದೆಯಾ, ತೀರಿಸೋಕೆ ಏನಾದರೂ ಬಿಟ್ಟು ಹೋಗಿದ್ದಾರಾ ಅಂತ ಪ್ರವಾದಿ ಮೊದಲು ಕೇಳ್ತಿದ್ದರು. ಇಲ್ಲ ಅಂದರೆ ಆ ಜನಾಜಾ ನಮಾಜನ್ನ ತಾವು ಮಾಡದೆ ಬೇರೆಯವರಿಗೆ ಮಾಡಲು ಹೇಳ್ತಿದ್ದರು. ಮುಂದೆ ಕೈಯಲ್ಲಿ ಸಂಪತ್ತು ಬಂದಾಗ, ಸಾಲ ಬಿಟ್ಟು ಹೋದವರ ಸಾಲ ನಾನು ತೀರಿಸ್ತೀನಿ ಅಂದರು. ಸಾಲ ತೀರದೆ ಕಷ್ಟದಲ್ಲಿರೋನಿಗೆ ಟೈಮ್ ಕೊಡಿ, ಮನ್ನಾ ಮಾಡಿದರೆ ಇನ್ನೂ ಒಳ್ಳೇದು ಅನ್ನೋ ಮಾತು ಸೂರಾ ಬಕರಾದ 280ನೇ ಆಯತ್‌ನಲ್ಲಿದೆ. ರಿಕವರಿ ಏಜೆಂಟ್‌ಗಳ ಕಾಲದಲ್ಲಿ ಕೂತು ಇದನ್ನ ಓದಿದರೆ ಬೇರೇನೇ ಅನಿಸುತ್ತೆ.

ಇಷ್ಟೆಲ್ಲ ಇದ್ದೂ ನಮ್ಮ ಏರಿಯಾಗಳಲ್ಲಿ ಜಕಾತ್ ಹೇಗೆ ಹಂಚಿಕೆ ಆಗುತ್ತೆ? ರಂಜಾನ್‌ನ ಕೊನೇ ಹತ್ತು ದಿನ ಚಂದ್ರಾ ಲೇಔಟ್, ಗಂಗೊಂಡನಹಳ್ಳಿ, ಪಾದರಾಯನಪುರ, ಗೋರಿಪಾಳ್ಯ ಕಡೆ ಒಂದು ಸುತ್ತು ಹಾಕಿ. ರೇಷನ್ ಕಿಟ್, ಬಟ್ಟೆ, ಬಾಗಿಲಿಗೆ ಬಂದವರಿಗೆ ನೂರು, ಐನೂರರ ನೋಟು. ಮದರಸಾದವರು ರಸೀದಿ ಪುಸ್ತಕ ಹಿಡಿದು ಬರ್ತಾರೆ. ಇದ್ಯಾವುದೂ ತಪ್ಪಲ್ಲ, ಹಸಿದವರಿಗೆ ಕಿಟ್ ಬೇಕೇ ಬೇಕು. ಆದರೆ ಸಾಲದವನು ಈ ಕ್ಯೂನಲ್ಲಿ ನಿಲ್ಲಲ್ಲ. ಅವನ ಹತ್ತಿರ ಆಟೊ ಇದೆ, ಇಸ್ತ್ರಿ ಮಾಡಿದ ಶರ್ಟ್ ಇದೆ, ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆ ಫೋನಿಗೇ ದಿನಕ್ಕೆ ಮೂವತ್ತು ಕಾಲ್ ಬರ್ತಿರುತ್ತೆ, ಅದು ಬೇರೆಯವರಿಗೆ ಕಾಣಲ್ಲ. ಕೈ ಚಾಚಿದವರಿಗೆ ಮಾತ್ರ ಕೊಡೋ ಪದ್ಧತಿಯಲ್ಲಿ ಆರನೇ ಸಾಲಿನವರು ತಾವಾಗೇ ಬಿಟ್ಟು ಹೋಗ್ತಾರೆ.

ಲೆಕ್ಕ ನೋಡೋಣ. 40 ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿ. ತಿಂಗಳಿಗೆ 4,000 ಕಟ್ಟಬೇಕು. ಹತ್ತು ತಿಂಗಳಲ್ಲಿ 40 ಸಾವಿರ ಹೋಗಿರುತ್ತೆ, ಅಸಲು ಮಾತ್ರ ಅಲ್ಲೇ, ಒಂದು ರೂಪಾಯಿ ಇಳಿದಿರಲ್ಲ. ಇವರಿಗೆ ಇಪ್ಪತ್ತು ಮನೆಯವರು 500 ರೂಪಾಯಿ ಕೊಟ್ಟರು ಅಂತಿಟ್ಕೊಳ್ಳಿ, 10,000 ಆಯ್ತು. ಎರಡೂವರೆ ತಿಂಗಳ ಬಡ್ಡಿಗೆ ಸರಿಹೋಯ್ತು. ಅಂದರೆ ಇಪ್ಪತ್ತು ಮನೆಯ ಜಕಾತ್ ಹೋಗಿ ಸೇರಿದ್ದು ಬಡ್ಡಿಯವನ ಜೇಬಿಗೆ, ತಮ್ಮ ಇದ್ದಲ್ಲೇ ಇದ್ದಾನೆ.

ಈಗ ಉಲ್ಟಾ ಮಾಡಿ. ಒಂದೊಂದು ಲಕ್ಷದಷ್ಟು ಚಿನ್ನ, ಉಳಿತಾಯ ಇರೋ 16 ಜನ ಇದ್ದಾರೆ. ತಲಾ ಶೇ. 2.5 ಅಂದರೆ 2,500. ಹದಿನಾರು ಜನರದ್ದು ಸೇರಿ 40,000. ಒಂದೇ ದಿನ ಅಸಲು ತೀರಿತು. ಮುಂದಿನ ತಿಂಗಳಿಂದ ಆ ಮನೆಯಲ್ಲಿ 4,000 ರೂಪಾಯಿ ಉಳಿಯುತ್ತೆ, ವರ್ಷಕ್ಕೆ 48,000. ಕೊಟ್ಟಿದ್ದು 40, ಉಳಿದಿದ್ದು 48! ಯಾವ ಮ್ಯೂಚುವಲ್ ಫಂಡ್‌ನವರೂ ಇಂಥ ರಿಟರ್ನ್ ಅಂತ ಜಾಹೀರಾತು ಹಾಕಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೀಟರ್ ಬಡ್ಡಿ ಸಾಲವನ್ನ ತುಂಡು ತುಂಡಾಗಿ ತೀರಿಸೋಕೆ ಸಹಾಯ ಮಾಡೋದಕ್ಕಿಂತ ಒಬ್ಬರದ್ದನ್ನ ಪೂರ್ತಿ ಮುಗಿಸೋದು ಸಾವಿರ ಪಾಲು ವಾಸಿ.

ಹಾಗಾದರೆ ಜನ ಯಾಕೆ ಸೇರಿ ಕೊಡಲ್ಲ? ಬೆಂಗಳೂರಿನವರಿಗೆ ಇದಕ್ಕೆ ಉತ್ತರ ಗೊತ್ತು. 2019ರ ಜೂನ್. ಶಿವಾಜಿನಗರದ ಐ ಮಾನಿಟರಿ ಅಡ್ವೈಸರಿ, ಎಲ್ಲರ ಬಾಯಲ್ಲಿ ಐಎಂಎ. ಬಡ್ಡಿ ಅಲ್ಲ, ಹಲಾಲ್ ಲಾಭಾಂಶ ಅಂತ ನಂಬಿಸಿ ಸಾವಿರಾರು ಕುಟುಂಬಗಳ ದುಡ್ಡು ತಗೊಂಡ ಕಂಪನಿ ಕುಸಿದುಬಿತ್ತು. ಮಾಲೀಕ ಮನ್ಸೂರ್ ಖಾನ್ ದುಬೈಗೆ ಹಾರಿ, ಜುಲೈನಲ್ಲಿ ದೆಹಲಿಗೆ ವಾಪಸ್ ಬಂದಾಗ ಬಂಧನವಾಯ್ತು. ಆಮೇಲೆ ಕೇಸು ಸಿಬಿಐಗೆ ಹೋಯ್ತು. ಮಗಳ ಮದುವೆಗೆ ಇಟ್ಟ ದುಡ್ಡು, ರಿಟೈರ್ ಆದಾಗ ಬಂದ ದುಡ್ಡು ಅಲ್ಲಿ ಮುಳುಗಿತು. ಅಷ್ಟಾದ ಮೇಲೆ "ನಮ್ಮ ಹತ್ತಿರ ಕೊಡಿ, ನಾವು ಸರಿಯಾಗಿ ಹಂಚ್ತೀವಿ" ಅನ್ನೋ ಯಾರನ್ನೇ ಆಗಲಿ ಜನ ಎರಡು ಸಲ ನೋಡ್ತಾರೆ. ನನ್ನ ಕೈಯಿಂದಲೇ 500 ಕೊಟ್ಟರೆ ಕನಿಷ್ಠ ತಲುಪಿದ್ದು ಕಣ್ಣಿಗೆ ಕಾಣುತ್ತೆ ಅನ್ನೋದು ಅವರ ವಾದ. ಆ ವಾದವನ್ನ ಬೈಯ್ಯೋಕೆ ನನಗೆ ಮನಸ್ಸಿಲ್ಲ.

ಆದರೆ ಸೇರಿ ಕೊಡೋದಕ್ಕೆ ದೊಡ್ಡ ಸಂಸ್ಥೆಯೇ ಬೇಕು ಅಂತೇನಿಲ್ಲ. ಅಕ್ಕ, ತಂಗಿ, ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು, ಇಷ್ಟು ಜನರ ವಾಟ್ಸ್ಆ್ಯಪ್ ಗ್ರೂಪ್ ಇದ್ದೇ ಇರುತ್ತಲ್ಲ, ಗುಡ್ ಮಾರ್ನಿಂಗ್ ಫೋಟೊ ಬಿಟ್ಟು ಬೇರೇನೂ ಬರದ ಗ್ರೂಪು. ಅದೇ ಸಾಕು. ಮಸೀದಿಯ ಬೈತುಲ್ ಮಾಲ್ ಅಥವಾ ಟ್ರಸ್ಟ್‌ಗೆ ಕೊಡೋದಾದರೆ ಎರಡು ಪ್ರಶ್ನೆ ಕೇಳಿ. ಆಡಿಟ್ ಆದ ಲೆಕ್ಕ ತೋರಿಸ್ತೀರಾ? ಸಾಲ ತೀರಿಸಿದಾಗ ಸಾಲ ಕೊಟ್ಟವರಿಂದ ರಸೀದಿ, ನೋ ಡ್ಯೂ ಸರ್ಟಿಫಿಕೇಟ್ ತಗೊಂಡು ಇಡ್ತೀರಾ? ಮುಖ ತಿರುಗಿಸಿದರೆ ಬೇರೆ ಕಡೆ ನೋಡಿ. ಟ್ರಸ್ಟ್‌ಗೆ 80ಜಿ ಇದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ವಿನಾಯಿತಿ ಸಿಗುತ್ತೆ, ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗಲ್ಲ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇದು ಇಲ್ಲವೇ ಇಲ್ಲ.

ಈಗ ತಮ್ಮನ ವಿಷಯ. ತಂದೆ, ತಾಯಿ, ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳಿಗೆ ಜಕಾತ್ ಕೊಡೋಕಾಗಲ್ಲ, ಅವರನ್ನ ನೋಡಿಕೊಳ್ಳೋದು ಹೇಗೂ ನಮ್ಮ ಜವಾಬ್ದಾರಿ. ಗಂಡ ಹೆಂಡತಿಗೆ ಕೊಡೋ ಹಾಗಿಲ್ಲ. ಆದರೆ ಅಣ್ಣ, ತಮ್ಮ, ಅಕ್ಕ, ತಂಗಿ, ಭಾವ, ಅತ್ತೆ, ಮಾವನಿಗೆ ಕೊಡಬಹುದು. ಅರ್ಹ ಸಂಬಂಧಿಕರಿಗೆ ಕೊಟ್ಟರೆ ದಾನವೂ ಆಯ್ತು, ಸಂಬಂಧ ಉಳಿಸಿಕೊಂಡಂತೆಯೂ ಆಯ್ತು ಅನ್ನೋ ಮಾತು ಹದೀಸ್‌ನಲ್ಲಿದೆ. ಇನ್ನು ತಮ್ಮನ ಸ್ವಾಭಿಮಾನ. ಕೊಡೋರ ಮನಸ್ಸಲ್ಲಿ ಇದು ಜಕಾತ್ ಅನ್ನೋ ನಿಯ್ಯತ್ ಇದ್ದರೆ ಸಾಕು, ತಗೊಳ್ಳೋನಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. "ತಗೋ, ಆ ಸಾಲ ಮುಗಿಸಿಬಿಡು" ಅಂದರೆ ಆಯ್ತು. ಈ ನಿಯಮ ಮಾಡಿದವರಿಗೆ ಮನುಷ್ಯರ ಮರ್ಯಾದೆ ಚೆನ್ನಾಗಿ ಅರ್ಥ ಆಗಿತ್ತು.

ಅರ್ಹತೆ ಹೇಗೆ ನೋಡೋದು? ಬೆಂಗಳೂರಿನ ದಖನಿ ಮಾತಾಡೋ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥ ಅನುಸರಿಸ್ತಾರೆ. ಅದರ ಪ್ರಕಾರ, ಸಾಲ ಕಳೆದ ಮೇಲೆ ನಿಸಾಬ್‌ನಷ್ಟು ಆಸ್ತಿ ಉಳಿಯದವನು ಗಾರಿಮ್. ಆಟೊ ಇದೆ ಅನ್ನೋ ಕಾರಣಕ್ಕೆ ಹೊರಗೆ ಬೀಳಲ್ಲ, ಅದು ದುಡಿಮೆಯ ಸಾಧನ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಅಲ್ಲಿ ಇನ್ನೊಂದು ಬಗೆಯ ಗಾರಿಮ್ ಕೂಡ ಇದ್ದಾನೆ: ಎರಡು ಕಡೆಯವರ ಜಗಳ ಬಿಡಿಸೋಕೆ ಹೋಗಿ ದುಡ್ಡಿನ ಹೊಣೆ ತನ್ನ ಮೇಲೆ ಹಾಕ್ಕೊಂಡವನು. ಅವನು ಸ್ಥಿತಿವಂತನಾದರೂ ಆ ಹೊಣೆಯಷ್ಟು ಕೊಡಬಹುದು. ಊರಿನ ರಾಜಿ ಪಂಚಾಯ್ತಿ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಜೂಜು, ಬೆಟ್ಟಿಂಗ್, ದುಂದುವೆಚ್ಚಕ್ಕೆ ಮಾಡಿದ ಸಾಲ? ಅಂಥವನು ಆ ಚಟ ಬಿಟ್ಟು ತೌಬಾ ಮಾಡಿದ್ದರೆ ಮಾತ್ರ ಕೊಡಬೇಕು ಅಂತ ಅನೇಕ ಉಲೇಮಾಗಳು ಹೇಳ್ತಾರೆ. ಐಪಿಎಲ್ ಸೀಸನ್‌ನಲ್ಲಿ ಫೋನಿನೊಳಗೇ ದುಡ್ಡು ಕಳಕೊಂಡ ನಮ್ಮ ವಯಸ್ಸಿನ ಹುಡುಗರಿಗೆ ಈ ಪ್ರಶ್ನೆ ದೂರದ್ದೇನಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ತಂತು. ಆದರೆ ಅದಕ್ಕೂ ಮುಂಚೆ ಮಾಡಿದ ಸಾಲ ಹಾಗೇ ಇದೆ. ಹುಡುಗ ನಿಜವಾಗಲೂ ಬಿಟ್ಟಿದ್ದಾನಾ ಅಂತ ನೋಡಿ, ದುಡ್ಡು ಅವನ ಕೈಗೆ ಕೊಡೋ ಬದಲು ಸಾಲ ಕೊಟ್ಟವರಿಗೇ ನೇರ ಕಟ್ಟೋದು ಜಾಣತನ. ಹಾಗೆ ಕಟ್ಟಲು ಸಾಲ ಮಾಡಿದವನ ಒಪ್ಪಿಗೆ ಬೇಕು, ಅದೊಂದು ಷರತ್ತು.

ಇನ್ನೊಂದು ಗೊಂದಲ ಅಂಗಡಿಯವರದ್ದು. ಉದ್ರಿ ಪುಸ್ತಕದಲ್ಲಿ ಒಬ್ಬರ ಹೆಸರಲ್ಲಿ 3,000 ಬಾಕಿ ಇದೆ, ಬರೋ ಹಾಗೆ ಕಾಣಲ್ಲ. ಅದನ್ನ ಹೊಡೆದುಹಾಕಿ, ಇದೇ ನನ್ನ ಜಕಾತ್ ಅನ್ನಬಹುದಾ? ಹನಫಿ ಸೇರಿದಂತೆ ಹೆಚ್ಚಿನ ಪಂಥಗಳ ಉತ್ತರ, ಇಲ್ಲ. ಜಕಾತ್ ಅಂದರೆ ದುಡ್ಡು ಅವನ ಸ್ವಂತ ಆಗೋ ಹಾಗೆ ಕೊಡಬೇಕು. ಬಾರದ ಬಾಕಿಯನ್ನ ಬರೆದುಹಾಕೋದನ್ನ ಅಕೌಂಟ್ಸ್‌ನಲ್ಲಿ ಬ್ಯಾಡ್ ಡೆಟ್ ಅಂತೀವಿ, ಅದನ್ನ ದಾನದ ಖಾತೆಗೆ ಹಾಕಿದರೆ ಯಾವ ಆಡಿಟರೂ ಒಪ್ಪಲ್ಲ. ಷರತ್ತು ಹಾಕದೆ ಜಕಾತ್ ಕೊಟ್ಟು, ಆಮೇಲೆ ಅವನೇ ತನ್ನ ಇಷ್ಟದಿಂದ ಅದರಲ್ಲಿ ಬಾಕಿ ತೀರಿಸಿದರೆ ತೊಂದರೆ ಇಲ್ಲ.

ಮುಸ್ಲಿಮೇತರರಿಗೆ ಕೊಡಬಹುದಾ ಅಂತಲೂ ಕೆಲವರು ಕೇಳ್ತೀರಾ. ಕಡ್ಡಾಯದ ಜಕಾತ್ ಮುಸ್ಲಿಂ ಅರ್ಹರಿಗೆ ಅನ್ನೋದು ಹೆಚ್ಚಿನ ಉಲೇಮಾಗಳ ಮಾತು. ಸ್ವಯಂ ಇಚ್ಛೆಯ ಸದಕಾಗೆ ಈ ಗಡಿ ಇಲ್ಲ, ಯಾರಿಗೆ ಬೇಕಾದರೂ ಕೊಡಬಹುದು.

ಈಗ ತುಂಬಾ ಮುಖ್ಯವಾದ ಭಾಗ, ದಯವಿಟ್ಟು ಸ್ಕಿಪ್ ಮಾಡಬೇಡಿ. ಸಾಲ ತೀರಿಸೋಕೆ ಮುಂಚೆ, ಆ ಸಾಲ ನಿಜವಾಗಲೂ ಕಟ್ಟಬೇಕಾದ್ದಾ ಅಂತ ನೋಡಿ. 2025ರ ಜನವರಿಯಲ್ಲಿ ಚಾಮರಾಜನಗರ, ಹಾವೇರಿ ಕಡೆಯಿಂದ ಬಂದ ಸುದ್ದಿ ನೆನಪಿದೆಯಾ? ಮೈಕ್ರೋ ಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವ ಬಿಟ್ಟರು. ಆ ಫೆಬ್ರವರಿ 12ಕ್ಕೆ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, ರಾಜ್ಯಪಾಲರು ಮೊದಲು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಮುಂದೆ ಅದೇ ಕಾಯ್ದೆ ಆಯ್ತು. ಬೆದರಿಸಿ, ಬಲವಂತದಿಂದ ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇನ್ನೊಂದು ಅಂಶ ಇದಕ್ಕಿಂತ ದೊಡ್ಡದು: ನೋಂದಣಿ ಇಲ್ಲದವರು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಈ ಕಾನೂನು ಬರೋಕೆ ಮುಂಚೆ ಕೊಟ್ಟ ಸಾಲ, ಬಡ್ಡಿ ಸಮೇತ ತೀರಿದಂತೆ. ಆರ್‌ಬಿಐನಲ್ಲಿ ನೋಂದಣಿ ಆಗಿರೋ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಈ ಕಾನೂನು ಅನ್ವಯಿಸಲ್ಲ, ಅದನ್ನ ಮರೀಬೇಡಿ.

ಅಂದರೆ ಕಾನೂನಿನ ಪ್ರಕಾರ ತೀರಿಹೋಗಿರೋ ಸಾಲಕ್ಕೆ ಹದಿನಾರು ಜನರ ಜಕಾತ್ ಸೇರಿಸಿ ಕಟ್ಟಿದರೆ ಅದು ಸೀದಾ ಬಡ್ಡಿ ವ್ಯಾಪಾರಕ್ಕೆ ಬಂಡವಾಳ. ಹಾಗಾಗಿ ಮೀಟರ್ ಬಡ್ಡಿ ಸಾಲ ಆದರೆ ಮೊದಲು ಒಬ್ಬ ವಕೀಲರಿಗೆ ತೋರಿಸಿ. ವಕೀಲರ ಫೀಸಿಗೆ ಹೆದರೋರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಮಹಿಳೆಯರಿಗೆ ಅಲ್ಲಿ ಆದಾಯ ಎಷ್ಟಿದ್ದರೂ ಉಚಿತ ನೆರವಿದೆ. ಅಸಲು ಕೈಯಲ್ಲಿ ಹಿಡಿದು ಹೋದರೆ ಉಳಿದ ಬಡ್ಡಿ ಬಿಡಿ ಅಂತ ಮಾತಾಡೋಕೂ ದಾರಿ ಇರುತ್ತೆ. 500, 500 ಕೊಟ್ಟು ಹೋದವನಿಗೆ ಆ ದಾರಿ ಇರಲ್ಲ.

ಆ್ಯಪ್ ಸಾಲಕ್ಕೆ ಬೇರೆ ನಿಯಮ. ಆರ್‌ಬಿಐ 2022ರಲ್ಲೇ ಹೇಳಿದೆ: ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್, ಫೋಟೊಗಳಿಗೆ ಕೈ ಹಾಕೋ ಹಾಗಿಲ್ಲ. ನಿಮ್ಮ ಅಕ್ಕನಿಗೆ, ಓನರ್‌ಗೆ ಫೋನ್ ಮಾಡಿ ಮರ್ಯಾದೆ ತೆಗೀತಿದ್ದಾರೆ ಅಂದರೆ ಅಲ್ಲೇ ನಿಯಮ ಮುರಿದಿದ್ದಾರೆ. ಆರ್‌ಬಿಐ ನಿಯಂತ್ರಣದಲ್ಲಿರೋ ಸಂಸ್ಥೆಗಳು ಬಳಸೋ ಆ್ಯಪ್‌ಗಳ ಪಟ್ಟಿ ಆರ್‌ಬಿಐ ವೆಬ್‌ಸೈಟ್‌ನಲ್ಲಿದೆ, ಅಲ್ಲಿ ಹೆಸರು ಇಲ್ಲ ಅಂದರೆ ಕಟ್ಟೋಕೆ ಮುಂಚೆ ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಿ. ಮಾರ್ಫ್ ಮಾಡಿದ ಫೋಟೊ, ಬೆದರಿಕೆ ಬಂದರೆ 1930ಕ್ಕೆ ಫೋನ್ ಮಾಡಿ. ಆ್ಯಪ್ ಅಸಲಿ ಆಗಿದ್ದರೆ ಪೂರ್ತಿ ಕಟ್ಟಿ, ಸಿಬಿಲ್‌ನಲ್ಲಿ "ಕ್ಲೋಸ್ಡ್" ಅಂತ ಬರೋ ಹಾಗೆ ನೋಡಿಕೊಳ್ಳಿ. ಕಡಿಮೆಗೆ ಮಾತಾಡಿ ಮುಗಿಸಿದರೆ "ಸೆಟಲ್ಡ್" ಅಂತ ಬೀಳುತ್ತೆ, ಮುಂದೆ ಆಟೊ ಲೋನ್‌ಗೆ ಹೋದಾಗ ಅದೇ ಕಣ್ಣಿಗೆ ಚುಚ್ಚುತ್ತೆ.

ಬೇರೆ ದೇಶದಲ್ಲಿ ಇದು ಹೇಗಿದೆ ಅಂತ ನೋಡಿದಾಗ ಜೋರ್ಡನ್ ನನ್ನ ಗಮನ ಸೆಳೀತು. ಅಲ್ಲಿ ಸಾಲ ಕಟ್ಟದಿದ್ದರೆ ಜೈಲಿಗೆ ಹಾಕೋ ಕಾನೂನಿತ್ತು, ಮೈಕ್ರೋ ಫೈನಾನ್ಸ್‌ನಿಂದ ಸಣ್ಣ ಸಾಲ ತಗೊಂಡ ಹೆಂಗಸರು ಅದಕ್ಕೆ ಸಿಕ್ಕಿಬಿದ್ದರು. ಪತ್ರಿಕೆಗಳು ಅವರನ್ನ ಕರೆದಿದ್ದು ಗಾರಿಮಾತ್ ಅಂತ, ಅದೇ ಆಯತ್‌ನ ಪದದ ಸ್ತ್ರೀಲಿಂಗ. 2019ರ ಮಾರ್ಚ್‌ನಲ್ಲಿ ದೊರೆ ಅಬ್ದುಲ್ಲಾ ಅವರ ಸಾಲ ತೀರಿಸೋಕೆ ಕರೆ ಕೊಟ್ಟರು, ದೇಣಿಗೆ ಹರಿದು ಬಂತು. ಮಲೇಷ್ಯಾದಲ್ಲಿ ಒಂದೊಂದು ರಾಜ್ಯದ ಧಾರ್ಮಿಕ ಮಂಡಳಿಯೇ ಜಕಾತ್ ವಸೂಲಿ ಮಾಡುತ್ತೆ, ಸಾಲದವರಿಗೆ ಅಂತಲೇ ಬೇರೆ ಅರ್ಜಿ ಇರುತ್ತೆ. ನಮ್ಮಲ್ಲಿ ಅಂಥ ಸರ್ಕಾರಿ ವ್ಯವಸ್ಥೆ ಇಲ್ಲ, ಎಲ್ಲ ಖಾಸಗಿ. ಅರ್ಜಿ ಹಾಕೋ ಜಾಗ ಇಲ್ಲದ ಕಡೆ ಸಾಲದವನು ಬಾಯಿ ಬಿಡಬೇಕು, ಇಲ್ಲ ಮನೆಯವರು ಗಮನಿಸಬೇಕು.

ವಾಯ್ಸ್ ನೋಟ್ ಕಳಿಸಿದ ಅಕ್ಕ, ನಿಮಗೆ ನನ್ನ ಸಲಹೆ. ಮೂರೂ ಸಾಲದ ಪಟ್ಟಿ ಮಾಡಿ: ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ, ಯಾವ ದಿನ ತಗೊಂಡಿದ್ದು. ಮೀಟರ್ ಬಡ್ಡಿಯದ್ದನ್ನ ವಕೀಲರಿಗೆ, ಆ್ಯಪ್‌ನದ್ದನ್ನ ಆರ್‌ಬಿಐ ಪಟ್ಟಿಗೆ ಹೋಲಿಸಿ ನೋಡಿ. ಉಳಿದಿದ್ದು ಎಷ್ಟು ಅಂತ ಗೊತ್ತಾದ ಮೇಲೆ ನಿಮ್ಮ ಮನೆಯ ನಾಲ್ಕು ಜನಕ್ಕೆ ಹೇಳಿ, ತಮ್ಮನ ಹೆಸರು ಹೇಳದೆಯೂ ಹೇಳಬಹುದು. ನಿಮ್ಮ ಮೊಹಲ್ಲಾದ ಇಮಾಮ್ ಸಾಹೇಬರ ಹತ್ತಿರ ಒಮ್ಮೆ ಮಸಲಾ ಕೇಳಿಬಿಡಿ. ರಂಜಾನ್‌ವರೆಗೆ ಕಾಯಬೇಕಿಲ್ಲ, ಜಕಾತ್ ಮುಂಗಡವಾಗಿ ಕೊಡೋಕೆ ಹನಫಿ ಪಂಥದಲ್ಲಿ ಅವಕಾಶ ಇದೆ. ಕಾಯೋ ಒಂದೊಂದು ತಿಂಗಳಿಗೂ ನಿಮ್ಮ ತಮ್ಮನಿಗೆ 4,000 ಖರ್ಚು.

ಸಾಲದ ಒತ್ತಡದಲ್ಲಿ ಜೀವ ಬೇಡ ಅನ್ನಿಸಿರೋರು ಯಾರಾದರೂ ಇದನ್ನ ಕೇಳ್ತಿದ್ದರೆ, ಟೆಲಿ ಮಾನಸ್ ನಂಬರ್ 14416. ಫ್ರೀ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತಾರೆ.

ಮುಂದಿನ ವಾರ ಚೀಟಿ ವ್ಯವಹಾರ. ರಿಜಿಸ್ಟರ್ ಆದ ಚೀಟಿ ಯಾವುದು, ಪಕ್ಕದ ಮನೆ ಆಂಟಿ ನಡೆಸೋ ಚೀಟಿ ಯಾವುದು, ದುಡ್ಡು ಹೋದರೆ ಎಲ್ಲಿಗೆ ಹೋಗಬೇಕು. ಪ್ರಶ್ನೆಗಳನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಒಂದು ನಿಮಿಷದೊಳಗೆ ಇರಲಿ ಪ್ಲೀಸ್.